ಟ್ಯಾಂಕಿನ ತಳದ ಡೀಸೆಲ್

ಕಂಪ್ಲಿ
ತಾ. 12-8-1986, ಮಂಗಳವಾರ

ಪ್ರೀತಿಯ ಮಗಳು ಹಂಪಮ್ಮನಿಗೆ,

ಹೇಗಿದ್ದೀಯವ್ವಾ? ಊಟ ಸೇರುತ್ತಿದೆಯೋ, ಇನ್ನೂ ಹುಳಿತೇಗು ಬರುತ್ತಿದೆಯೋ? ಕಾಲು ಬಾತಿದೆ ಎಂದು ಬರೆದಿದ್ದೆ, ಇಳಿಯಿತೇ? ಗೋಡೆಗೆ ಒರಗಿ ಕಾಲು ಚಾಚಿ ಕೂತುಕೋ, ನಿಮ್ಮತ್ತೆ ಏನೂ ಅನ್ನುವವರಲ್ಲ. ಇಲ್ಲಿ ನಾವು ಚೆನ್ನಾಗಿದ್ದೇವೆ. ಆದರೆ ನಿನ್ನೆ ಮಧ್ಯಾಹ್ನ ಉಂಡು ಅಡ್ಡಾದಾಗ ಕೆಟ್ಟ ಕನಸು ಬಿತ್ತು. ಸಂಡೂರಿನ ಗುಡ್ಡದ ಏರಿನಲ್ಲಿ ನಿಮ್ಮ ಜೀಪು ಮೂತಿ ಮೇಲೆ ಮಾಡಿ ನಿಂತುಬಿಟ್ಟಿದೆ, ನೀನು ಹೊಟ್ಟೆ ಹಿಡಿದುಕೊಂಡು ದಾರಿಯ ಪಕ್ಕದ ಕೆಂಪು ಮಣ್ಣಿನಲ್ಲಿ ಕೂತಿದ್ದೀ. ನಾನು ಕೂಗುತ್ತೇನೆ, ನಿನಗೆ ಕೇಳುವುದಿಲ್ಲ. ಎದ್ದು ನಿಮ್ಮಪ್ಪನಿಗೆ ಹೇಳಿದರೆ, "ನಿನಗ ಕನಸಿನಾಗರ ಸುಮ್ಕ ಕುಂದ್ರಾಕ ಬರಾಂಗಿಲ್ಲೇನ?" ಎಂದು ನಕ್ಕರು. ನಗಲಿ. ಬರುವ ಸೋಮವಾರ ನೀನು ಹೆರಿಗೆಗೆಂದು ಅದೇ ಜೀಪಿನಲ್ಲಿ, ಅದೇ ಗುಡ್ಡ ದಾಟಿ ಬರಬೇಕು. ಕರೆಯಲು ನಾವೇ ಬರಬೇಕಿತ್ತು, ಅಳಿಯಂದಿರು ತಾವೇ ತಂದು ಬಿಡುತ್ತೇನೆ ಎಂದಿದ್ದಾರೆ. ಆ ಕನಸು ಸುಮ್ಮನೆ ಬಿದ್ದದ್ದಲ್ಲ, ನಮ್ಮ ಟ್ರ್ಯಾಕ್ಟರು ನಿಂತದ್ದನ್ನು ನೋಡಿ ಬಿದ್ದದ್ದು. ಅದನ್ನು ಹೇಳಬೇಕೆಂದೇ ಈ ಕಾಗದ.

ನಿಮ್ಮಪ್ಪನ ಪದ್ಧತಿ ನಿನಗೆ ಗೊತ್ತೇ ಇದೆ. ಕಾಲುವೆ ನೀರಿನಿಂದ ಎರಡು ಬೆಳೆಯಾಗಿ ಟ್ರ್ಯಾಕ್ಟರು ತಂದಾಗಿನಿಂದ, ಮದುವೆ ದಿಬ್ಬಣಕ್ಕೂ ನಮ್ಮದೇ ಬೇಕು, ಜಾವಳಕ್ಕೂ ನಮ್ಮದೇ ಬೇಕು. ನೆಂಟರಿಗೆ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಅದಕ್ಕೇ ಸಂಜೆ ಟ್ರ್ಯಾಕ್ಟರು ಮನೆಗೆ ಬಂದಕೂಡಲೇ ತಳ ಮುಚ್ಚುವಷ್ಟು ಡೀಸೆಲ್ ಬಿಟ್ಟು, ಉಳಿದದ್ದನ್ನು ಪೈಪಿನಿಂದ ಎಳೆದು ಕ್ಯಾನಿಗೆ ತುಂಬಿ, ಭತ್ತದ ಚೀಲಗಳ ಹಿಂದೆ ಇಟ್ಟುಬಿಡುವುದು, ಬೆಳಿಗ್ಗೆ ಕೆಲಸಕ್ಕೆ ಬೇಕಾದಷ್ಟೇ ಮತ್ತೆ ಸುರಿಯುವುದು. ಕೇಳಲು ಬಂದವರಿಗೆ ಮುಚ್ಚಳ ತೆಗೆದು ತೋರಿಸುವುದು. ಹೋದ ತಿಂಗಳು ಅವರ ತಂಗಿ ತಿಪ್ಪಕ್ಕ ಬಂದು ಬಗ್ಗಿ ನೋಡಿ, "ಯಣ್ಣಾ, ನಿನ್ನ ಟ್ಯಾಂಕು ನಮ್ಮನಿ ಚಿಮಣಿ ಬುಡ್ಡಿಗಿಂತ ಬಡವಾಗೈತಲ್ಲೋ" ಎಂದು ಅಂದು ಹೋದಳು. ನಿಮ್ಮಪ್ಪನಿಗೆ ಅದೂ ಹೊಗಳಿಕೆಯೇ. ಈ ಉಪಾಯವನ್ನು ಅಳಿಯಂದಿರಿಗೂ ಹೇಳಿಕೊಟ್ಟಿದ್ದಾರಲ್ಲ, ಅದೇ ನನ್ನ ಚಿಂತೆ. ಅವರ ಅಣ್ಣಂದಿರು ಜೀಪು ಕೇಳಬಾರದೆಂದು ಅವರೂ ತಳದಲ್ಲಷ್ಟೇ ಇಡುತ್ತಾರೆ ಎಂದು ನೀನು ಭಾಳ ಖುಷಿಯಿಂದ ಬರೆದಿದ್ದೆ.

ಹದಿನೈದು ದಿನದ ಹಿಂದೆ ಕಾಲುವೆ ನೀರಿನ ಪಾಳಿ ನಮ್ಮದು. ಗದ್ದೆ ಕೆಸರು ಮಾಡುವ ಅವಸರದಲ್ಲಿ ನಿಮ್ಮಪ್ಪ ಕ್ಯಾನನ್ನು ಮನೆಯಲ್ಲೇ ಬಿಟ್ಟು, "ಅಷ್ಟರಾಗ ಹೊಲ ಮುಟ್ತೈತಿ ಬಿಡ" ಎಂದು ಹೊರಟರು. ನಾನು ಬುತ್ತಿ ಹೊತ್ತು ಹಿಂದೆ ನಡೆಯುತ್ತಿದ್ದೆ. ಕಾಲುವೆ ಏರಿ ಹತ್ತುವಾಗ ಟ್ರ್ಯಾಕ್ಟರು ಮೂತಿ ಎತ್ತಿತು, ಇದ್ದ ಚೂರು ಡೀಸೆಲ್ ಟ್ಯಾಂಕಿನ ಹಿಂದಕ್ಕೆ ಸರಿಯಿತು, ಪೈಪಿಗೆ ಗಾಳಿ ಹೊಕ್ಕಿತು. ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಕ್ಯಾನು ತಂದು ಸುರಿದರೂ ಏಳಲಿಲ್ಲ. ಬಜಾರಿನಿಂದ ಮೆಕ್ಯಾನಿಕ್ ಗಾಳೆಪ್ಪ ಬಂದು ಬಿಚ್ಚಿದ. ಫಿಲ್ಟರಿನ ತುಂಬ ಕರಿ ರಾಡಿ. ಇಷ್ಟು ದಿನ ತಳದ ಕೊಳೆಯನ್ನೇ ಡೀಸೆಲ್ ಪಂಪು ಎಳೆದು ಎಳೆದು ಒಳಗೆಲ್ಲ ಗೀರು ಬಿದ್ದಿದ್ದವು. "ಸಾವ್ಕಾರ್ರ, ಡೀಸೆಲ್ಲಂದ್ರ ಬರೀ ಉರಿಯಾಕಲ್ರೀ. ಪಂಪಿನ ಒಳಗ ಜಾರಾಕನೂ ಅದ ಬೇಕು, ತಣ್ಣಗಿರಾಕನೂ ಅದ ಬೇಕು. ನೀವು ಬೀಗರಿಗೆ ಇಲ್ಲ ಅನ್ನಾಕ ನಾಚಿಗೊಂಡು ಪಂಪಿಗೆ ಉಪಾಸ ಕೆಡವೀರಿ" ಎಂದ. "ನಿನ್ನ ಬಾಯಿಗ್ಯಾಕ ಗಾಳಿ ಹಿಡಿಯಂಗಿಲ್ಲಲೇ" ಎಂದು ನಿಮ್ಮಪ್ಪ ಗದರಿದರು, ಆದರೆ ಮುಖ ಸಣ್ಣದಾಗಿತ್ತು.

ಪಂಪನ್ನು ಹೊಸಪೇಟೆಗೆ ಒಯ್ಯಬೇಕಾಯಿತು. ಪಾಳಿಯ ನೀರು ಕಣ್ಣೆದುರೇ ಹರಿಯುತ್ತಿತ್ತು. ಪಕ್ಕದ ಹೊಲದ ಮೂಕಪ್ಪ ತನ್ನ ಕೆಲಸ ಬಿಟ್ಟು ಟ್ರ್ಯಾಕ್ಟರು ತಂದು ನಮ್ಮ ಗದ್ದೆಯನ್ನು ಹೊಡೆದುಕೊಟ್ಟ, ದೇವರಂಥವನು. ನಾಟಿ ಆಯಿತು, ಸಸಿ ಹಸುರಾಗಿ ನಿಂತಿದೆ. ಪಂಪೂ ಹೋದ ವಾರ ಬಂದು ಕೂತಿತು. ಈಗ ನಮ್ಮ ಟ್ಯಾಂಕು ಸಂಜೆಯೇ ಕಂಠಮಟ್ಟ ತುಂಬಿರುತ್ತದೆ. ಕೇಳಲು ಬಂದವರಿಗೆ ಬಾಗಿಲಲ್ಲಿ ನಿಂತು ನಾನೇ ಇಲ್ಲ ಎನ್ನುತ್ತೇನೆ. ಮೊದಲ ದಿನ ನಾಲಿಗೆ ತೊದಲಿತು, ಈಗ ಸಲೀಸು.

ಅತ್ತೆಯಾದವಳು ಅಳಿಯನಿಗೆ ಬುದ್ಧಿ ಹೇಳುವುದು ನಮ್ಮಲ್ಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ, ನೀನು ಅವರು ಉಂಡು ಎಲೆಯಡಿಕೆ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳು. ಅರ್ಧಕ್ಕಿಂತ ಕೆಳಗೆ ಇಳಿಯಗೊಡಬಾರದು. ಜೀಪೂ ಟ್ರ್ಯಾಕ್ಟರಿನ ಹಾಗೇ, ಏರಿನಲ್ಲಿ ಡೀಸೆಲ್ ಹಿಂದಕ್ಕೇ ಹೋಗುತ್ತದೆ. ಅಣ್ಣಂದಿರಿಗೆ ಇಲ್ಲ ಎನ್ನಲಾಗದಿದ್ದರೆ ಕೀಲಿಕೈ ನಿಮ್ಮತ್ತೆಯ ಕೈಗೆ ಕೊಡಲಿ.

ಅತ್ತೆ ಮಾವನವರಿಗೆ ನಮ್ಮ ಶರಣು. ನಿನ್ನ ಹೊಟ್ಟೆ ತಣ್ಣಗಿರಲಿ, ಜಂಬುನಾಥ ಸ್ವಾಮಿ ಕಾಯಲಿ.

ನಿನ್ನ ಅವ್ವ,
ಜಂಬಮ್ಮ

ತಾ.ಕ.: ಟಪಾಲಿನವನು ಹೊರಡುತ್ತಿದ್ದಾನೆ, ಮುಖ್ಯದ್ದೇ ಬಿಟ್ಟೆ. ಹಿಂದಿನ ಸಲ ನೀವು ಬಂದಾಗ ಜೀಪಿನಲ್ಲಿ ನಾನೂ ಹೊಸಪೇಟೆ ತನಕ ಬಂದೆನಲ್ಲ, ಆಗ ಡೀಸೆಲ್ ತೋರಿಸುವ ಮುಳ್ಳು ಇಲ್ಲಿ ಹೊರಟಾಗಲೂ ಅರ್ಧಕ್ಕೇ ಇತ್ತು, ಅಲ್ಲಿ ಇಳಿದಾಗಲೂ ಅರ್ಧಕ್ಕೇ ಇತ್ತು. ಅದು ಕೆಟ್ಟಿದೆ ಮಗಳೇ, ಅದನ್ನು ನಂಬಬೇಡ. ಸೋಮವಾರ ಹತ್ತುವ ಮುಂಚೆ ಮುಚ್ಚಳ ತೆಗೆಸಿ, ಬಿದಿರು ಕೋಲನ್ನು ಒರೆಸಿ ಒಳಗೆ ಅದ್ದಿಸು (ಕಸಬರಿಗೆ ಕಡ್ಡಿ ಬೇಡ, ಮುರಿದು ಒಳಗೇ ಬಿದ್ದೀತು). ಕೋಲು ಅರ್ಧಕ್ಕೆ ತೊಯ್ದಿರದಿದ್ದರೆ ಹತ್ತಲೇಬೇಡ, ಸೊಂಟ ನೋವೆಂದು ಮನೆಯಲ್ಲೇ ಕೂಡು, ನಾನು ಬಸ್ಸಿಗೆ ಬಂದು ಕರೆತರುತ್ತೇನೆ. ಅವರು ನೋಡಿದೆ ಎಂದರೂ ಒಪ್ಪಬೇಡ. ಕೋಲು ಎಲ್ಲಿ ತನಕ ತೊಯ್ದಿದೆ ಎಂದು ನೀನೇ ಇನ್ನೊಮ್ಮೆ ಬೆರಳಿಟ್ಟು ನೋಡು.