ಲವಂಗದ ಘಾಟಿಗೆ ಮುಚ್ಚಿಹೋದ ಪರೀಕ್ಷೆ

ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ತಪ್ಪು ಮಾಡಿದ್ದು ನಾನು, ಒಪ್ಪಿಕೊಂಡವನೂ ನಾನೇ. ಅದಕ್ಕೆ ನೀವು ಇಡೀ ಪರೀಕ್ಷೆಗೇ ಬೀಗ ಹಾಕಿದಿರಿ. ನಡುವೆ ಸಿಕ್ಕಿಬಿದ್ದಿರುವುದು ನನ್ನ ಚಿಕ್ಕಮ್ಮನ ಬೆರಳು. ನಿಮಗೆ ಬರೆದ ಮೂರು ಪತ್ರಗಳಿಗೆ 'ತಲುಪಿದೆ' ಎಂಬ ಮೊಹರು ಬಿತ್ತೇ ಹೊರತು ಉತ್ತರ ಬರಲಿಲ್ಲ. ಹಾಗಾಗಿ ಇದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನು. ನಿಮ್ಮ ಎರಡನೇ ಮಹಡಿಯಲ್ಲಿ ಗಾಜಿನ ಸಾಮಾನು ತೊಳೆಯುವುದು, ಪರೀಕ್ಷೆಯ ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯೊಳಗೆ ಇಡುವುದು, ತೆಗೆಯುವುದು ನನ್ನ ಕೆಲಸ. ಅಲ್ಲಿನ ಸಂಶೋಧಕಿ, ಔಷಧಕ್ಕೆ ಬಗ್ಗದ ಯೀಸ್ಟ್ ಸೋಂಕಿನ ಮೇಲೆ ಅದೇ ಔಷಧವನ್ನು ಲವಂಗದೆಣ್ಣೆಯ ಜೊತೆಗೂಡಿಸಿ ನೋಡುತ್ತಿದ್ದರು. ಒಂಟಿಯಾಗಿ ಸೋತವು ಜೋಡಿಯಾಗಿ ಗೆದ್ದಾವೇ ಎಂಬುದಷ್ಟೇ ಪ್ರಶ್ನೆ. ವೈದ್ಯರು ಕಳಿಸಿದ್ದ, ಚಿಕ್ಕಮ್ಮನ ಉಗುರಿನ ಯೀಸ್ಟೂ ಆ ತಟ್ಟೆಗಳಲ್ಲಿತ್ತು.

ಚಿಕ್ಕಮ್ಮ ಬೇಕರಿಯಲ್ಲಿ ಹಿಟ್ಟು ನಾದುವವಳು, ಟ್ರೇ ತೊಳೆಯುವವಳು. ಒದ್ದೆಯಲ್ಲೇ ಇದ್ದ ಉಗುರಿನ ಬುಡ ಬಾತುಕೊಂಡು ಎಂಟು ತಿಂಗಳಾಯಿತು. ವಾಸಿಯಾಗುವ ತನಕ ಹಿಟ್ಟು ಮುಟ್ಟಬೇಡವೆಂದ ಮಾಲೀಕ, ಈಗ ಬೇರೆಯವಳನ್ನು ಹುಡುಕುತ್ತಿದ್ದಾನೆ.

"ಇಷ್ಟು ವರ್ಷ ಯೀಸ್ಟ್ ಹಾಕಿ ಹಿಟ್ಟು ಉಬ್ಬಿಸಿದೆ. ಈಗ ಅದು ನನ್ನ ಬೆರಳು ಉಬ್ಬಿಸಿ ಸೇಡು ತೀರಿಸ್ಕೊಳ್ತಿದೆ" ಎಂದಳು.

"ಅದು ಬೇರೆ ಯೀಸ್ಟು, ಇದು ಬೇರೆ, ಚಿಕ್ಕಮ್ಮ."

"ದಾಯಾದಿಗಳೇ ತಾನೆ?"

ಔಷಧ, ಎಣ್ಣೆ ಎರಡೂ ಇದ್ದ ತಟ್ಟೆಗಳಲ್ಲಿ ಯೀಸ್ಟ್ ಬೆಳೆಯಲೇ ಇಲ್ಲ. ಎಲ್ಲರೂ ಹಿಗ್ಗಿದರು. ಆದರೆ ಹೋಲಿಕೆಗೆಂದು ಏನೂ ಹಾಕದೆ ಇಟ್ಟಿದ್ದ, ದಟ್ಟವಾಗಿ ಬೆಳೆಯಬೇಕಿದ್ದ ತಟ್ಟೆಗಳಲ್ಲೂ ಅದು ತೀರಾ ತೆಳ್ಳಗಿತ್ತು. ಯಾಕೆಂದು ಸಂಶೋಧಕಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು. ಪೆಟ್ಟಿಗೆ ತೆರೆದಾಗ ಮೂಗಿಗೆ ಬಡಿದ ಲವಂಗದ ಘಾಟು ನೆನಪಿತ್ತು. ಜಾಗ ಸಾಲದೆಂದು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಪೇರಿಸಿದವನು ನಾನೇ. ಎಣ್ಣೆಯ ಆವಿ ನೆರೆಯ ತಟ್ಟೆಗಳಿಗೂ ನುಗ್ಗಿತ್ತು. ಹೇಳಿಬಿಟ್ಟೆ.

ಸಂಶೋಧಕಿ ಬೈಯಲಿಲ್ಲ. "ಬೇರೆ ಬೇರೆ ಪೆಟ್ಟಿಗೇಲಿಟ್ಟು ಇನ್ನೊಂದ್ಸಲ ಮಾಡೋಣ ಬಿಡು" ಎಂದರು. ನಿಮ್ಮ ಆದೇಶ ಮಾತ್ರ ಒಂದೇ ಸಾಲು: "ಫಲಿತಾಂಶ ನಂಬಲರ್ಹವಲ್ಲ, ವಿಷಯ ಮುಕ್ತಾಯ." ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆ, ಮೊಹರಿನ ಸಮೇತ ನೋಡಿದ್ದು ಇದೇ ಮೊದಲು. ತಟ್ಟೆ ಇಟ್ಟ ಜಾಗ ತಪ್ಪಾದರೆ ಪ್ರಶ್ನೆಯೂ ತಪ್ಪಾಗುತ್ತದೆಯೇ? ನಿಮ್ಮ ಗುಮಾಸ್ತರು ಬುದ್ಧಿ ಹೇಳಿದರು: "ಬಾಯಿ ಮುಚ್ಕೊಂಡಿದ್ರೆ ಎಲ್ಲಾ ನಡ್ಕೊಂಡು ಹೋಗ್ತಿತ್ತಲ್ಲೋ." ನಿಮ್ಮಲ್ಲಿ ಮುಂದಕ್ಕೆ ಹೋಗುವ ದಾರಿ ಇದೊಂದೇ ಏನು?

ಪರೀಕ್ಷೆ ನಿಂತರೆ ಜನ ಸುಮ್ಮನಿರುತ್ತಾರೆಂದು ತಿಳಿದಿದ್ದೀರಾ? ಕಾದು ಕಾದು ಬೇಸತ್ತ ಚಿಕ್ಕಮ್ಮ ಅಂಗಡಿಯಿಂದ ಲವಂಗದೆಣ್ಣೆ ತಂದು ಹಾಗೇ ಹಚ್ಚಿಕೊಂಡಳು. ಬೊಬ್ಬೆ ಎದ್ದವು. ನೀವು ತಟ್ಟೆಯಲ್ಲಿ ಮಾಡದ್ದನ್ನು ಅವಳು ಚರ್ಮದ ಮೇಲೆ ಮಾಡಿದಳು.

ಎಣ್ಣೆ ಗೆಲ್ಲುತ್ತದೆಂದು ನಾನು ವಾದಿಸುತ್ತಿಲ್ಲ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಅದೇ ಪರೀಕ್ಷೆ, ಅದೇ ಸಂಶೋಧಕಿ, ಬೇರೆ ಬೇರೆ ಪೆಟ್ಟಿಗೆ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಿರಿ. ಸೋತರೆ ಸೋತಿತೆಂದು ಬರೆದುಕೊಡಿ, ಚಿಕ್ಕಮ್ಮನಿಗೆ ನಾನೇ ಓದಿ ಹೇಳುತ್ತೇನೆ.

ನಿನ್ನೆ ಅವಳು ಕೇಳಿದಳು, "ನೀನು ಹೇಳ್ದೇ ಇದ್ದಿದ್ರೆ?"

"ಔಷಧಿ ಅಂತ ಏನೋ ಒಂದು ಕೊಡ್ತಿದ್ರೇನೋ. ಹೌದೋ ಅಲ್ವೋ ಯಾರಿಗೂ ಗೊತ್ತಿರ್ತಿರ್ಲಿಲ್ಲ."

ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಂಡಳು. "ಹಾಗಾದ್ರೆ ಹೇಳಿದ್ದು ಒಳ್ಳೇದಾಯ್ತು. ಮೊದಲೇ ಸರಿಯಾಗಿ ಇಟ್ಟಿದ್ರೆ ಇನ್ನೂ ಒಳ್ಳೇದಿತ್ತು."

ಮೊದಲ ಸಲ ಇಟ್ಟಿದ್ದನ್ನು ನಾನು ಬದಲಿಸಲಾರೆ. ಎರಡನೇ ಸಲಕ್ಕೆ ಅಪ್ಪಣೆ ಕೊಡುವುದು ನಿಮ್ಮ ಕೈಯಲ್ಲಿದೆ.

ಇಂತಿ,
ಇನ್ನೊಮ್ಮೆ ಸರಿಯಾಗಿ ಇಡಲು ಕಾದಿರುವ,
ನಿಮ್ಮ ತಟ್ಟೆ ತೊಳೆಯುವವನು