ನಂದಿನಿ ತಮ್ಮನಿಗೆ ಕೊಟ್ಟದ್ದು

ಮುಂಬೈ

ಆಯಿ, ನಿನ್ನ ಮೊಮ್ಮಗಳೂ ಸೊಸೆಯೂ ಆದ ಮಯೂರಿಯ ನಮಸ್ಕಾರ.

ಶುಭಮ್ ಗಾಜಿನ ಕೋಣೆಯಲ್ಲಿದ್ದಾನೆ. ಹೆತ್ತವಳಾದರೂ ನಾನು ಮೊಣಕೈವರೆಗೆ ತೊಳೆದುಕೊಂಡೇ ಒಳಗೆ ಹೋಗಬೇಕು. ರೋಗ ತಡೆಯುವ ಶಕ್ತಿ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ನಾನು ಸೋದರಮಾವನನ್ನೇ ಮದುವೆಯಾದೆನಲ್ಲ, ಮನೆತನದ ಒಂದೇ ದೋಷ ನಮ್ಮಿಬ್ಬರಿಂದಲೂ ಕೂಸಿಗೆ ಬಂದಿದೆಯಂತೆ. ಮದುವೆ ಮಾಡಿಸಿದವಳು ನೀನೆಂದು ಅಳಬೇಡ. ಇಲ್ಲಿರುವ ಹುಕ್ಕೇರಿಯ ನರ್ಸ್, "ಇದರಾಗ ಯಾರ್ದೂ ತಪ್ಪಿಲ್ಲರಿ, ನಿಮ್ಮ ಆಯಿಗೂ ಹೇಳ್ರಿ" ಎಂದಳು.

ದೇವರು ದೊಡ್ಡವನು, ಅವನ ಅಕ್ಕ ನಂದಿನಿಯ ಮೂಳೆಮಜ್ಜೆ ಹೊಂದಿತು. ಅದನ್ನು ಹಾಕಿದ ಮೇಲೆ ಅವನಿಗೆ ಜ್ವರ ಬಿಟ್ಟಿದೆ, ಹಾಲು ಕುಡಿಯುತ್ತಿದ್ದಾನೆ. "ತಮ್ಮಗ ನಾನ ಆರಾಮ ಮಾಡೇನಿ" ಎಂದು ನಂದಿನಿ ಕಂಡವರಿಗೆಲ್ಲ ಹೇಳುತ್ತಾಳೆ.

ಅವಳನ್ನು ಮುಂದೆ ನನ್ನ ತಮ್ಮ ಕಿಶೋರನಿಗೆ ಮದುವೆ ಮಾಡಿ ತಂದುಕೊಳ್ಳುವ ಮಾತು ಮಾತ್ರ ಇನ್ನು ಎತ್ತಬೇಡ ಆಯಿ. ಈ ಮನೆಗೆ ಅವಳು ಮಾಡಬೇಕಾದ್ದನ್ನು ಆಗಲೇ ಮಾಡಿದ್ದಾಳೆ.

ಮಯೂರಿ