ಕೆಳಗಿನ ತೂತಿನ ಪೈಪು

ಗ್ಯಾರೇಜು
ಗುರುವಾರ, ಮಧ್ಯಾಹ್ನ ಒಂದೂವರೆ

ಗ್ಯಾರೇಜಿನ ಕಾರುಬಾರೆಲ್ಲ ವಹಿಸಿಕೊಂಡ ನನ್ನ ದೊಡ್ಡ ಮಗಳಿಗೆ, ಬರೀ ಕಾರು ಒರೆಸಿಕೊಂಡಿರುವ ಅಪ್ಪನ ಆಶೀರ್ವಾದ.

ನಾಳೆ ಬೆಳಿಗ್ಗೆ ಆ ಕಾರಿನಲ್ಲಿ ಬೆಟ್ಟ ಹತ್ತಬೇಡ. ಮೊದಲು ಇದನ್ನು ಪೂರ್ತಿ ಓದು, ಬೈಯುವುದು ಆಮೇಲೆ. ಇವತ್ತು ರಾತ್ರಿ ನೀವು ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೀರಲ್ಲ, ಅದೊಂದೇ ನನಗಿರುವ ಧೈರ್ಯ. ಅಲ್ಲಿಗೆ ಮೂರು ಸಲ ಫೋನ್ ಮಾಡಿದೆ, ಲೈನು ಸತ್ತಿದೆ. ಈ ಕಾಗದವನ್ನು ಎರಡು ಗಂಟೆ ಬಸ್ಸಿನ ಕಂಡಕ್ಟರು 'ಮನೆ ಬಾಗ್ಲಿಗೇ ಮುಟ್ಟಿಸ್ತೀನಿ ಬಿಡಿ ಯಜಮಾನ್ರೇ' ಅಂದಿದ್ದಾನೆ.

ವಿಷಯ ಇಷ್ಟು. ಸೋಮವಾರ ನೀನಿಲ್ಲದಾಗ ನಮ್ಮ ಹಳೇ ಕಾರಿನ ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರಿನಿಂದ ಕಾರ್ಬೊರೇಟರಿಗೆ ಹೋಗುವ ಸಣ್ಣ ರಬ್ಬರ್ ಪೈಪಿದೆಯಲ್ಲ, ಕಿಡಿಯನ್ನು ಮುಂಚಿತವಾಗಿ ಹಾರಿಸುವುದು, ಅದನ್ನು ಗಾಳಿ ತಡೆಯುವ ಥ್ರಾಟಲ್ ತಟ್ಟೆಗಿಂತ ಮೇಲಿನ ತೂತಿನಿಂದ ಕಿತ್ತು ಕೆಳಗಿನ ತೂತಿಗೆ ಸಿಕ್ಕಿಸಿದೆ. ಮೇಲಿನದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗಾಳಿ ಎಳೆಯುತ್ತದೆ. ಕೆಳಗಿನದು ಗಾಡಿ ಸುಮ್ಮನೆ ನಿಂತಿದ್ದಾಗಲೂ ಎಳೆಯುತ್ತದೆ. ಪೈಪು ತೆಗೆಯದೆ ಹಾಗೇ ಲೈಟು ಹಿಡಿದು ಕಿಡಿಯ ಟೈಮಿಂಗ್ ನೋಡಿ, ಕಿಡಿ ತೀರಾ ಬೇಗ ಬರುತ್ತಿದೆ ಅಂತ ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ ಬಿಗಿದೆ.

ಕೀಟಲೆ ಕಣೇ. 'ನಂಗೆಲ್ಲಾ ಗೊತ್ತಪ್ಪಾ' ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೀಯ, ಇದನ್ನು ಕಂಡುಹಿಡಿಯಲಿ ನೋಡೋಣ ಅಂತ. ನೀವು ಹೊರಡುವುದು ಭಾನುವಾರ ಅಂದಿದ್ದಿರಿ. ಬೆಟ್ಟದಾಚೆ ನಿನ್ನ ತಂಗಿಯನ್ನು ಹೆರಿಗೆಗೆ ಮುಂಚೆಯೇ ಆಸ್ಪತ್ರೆಗೆ ಸೇರಿಸಿದರೆಂದು ಇವತ್ತೇ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ನಾನು ಸ್ನಾನ ಮುಗಿಸಿ ಬಂದರೆ ಗೇಟಿನಲ್ಲಿ ಬರೀ ಹೊಗೆ.

ಸಮತಟ್ಟು ರಸ್ತೆಯಲ್ಲಿ ನಿನಗೇನೂ ಗೊತ್ತಾಗಿರುವುದಿಲ್ಲ. ಏರಿನಲ್ಲಿ ಕಾಲು ಪೂರ್ತಿ ಒತ್ತಿದರೆ ಆ ಎಳೆತವೇ ಮಾಯ. ಕಿಡಿ ತಡವಾಗಿ ಬರುತ್ತದೆ, ಎಂಜಿನ್ ಕಾದು ಕೆಂಡವಾಗುತ್ತದೆ, ಉಸಿರು ಬಿಡುತ್ತದೆ. ತಿರುವಿನ ನಡುವೆ ಎಂಜಿನ್ ನಿಂತರೆ ಬ್ರೇಕೂ ಕಲ್ಲಿನಂತೆ ಗಟ್ಟಿ, ತುಳಿದರೂ ಹಿಡಿಯದು. ಹಿಂದೆ ಲಾರಿ, ಪಕ್ಕದಲ್ಲಿ ಆಳ, ಹಿಂದಿನ ಸೀಟಿನಲ್ಲಿ ಮಂಡಿ ಮಡಚಲಾಗದ ನಿನ್ನಮ್ಮ. ಅವಳು ಇಳಿಯುವುದಕ್ಕೇ ಐದು ನಿಮಿಷ ಬೇಕು. ಬೆಳಗಿನಿಂದ ಈ ಚಿತ್ರ ಬಿಟ್ಟು ಬೇರೆ ಏನೂ ಕಾಣುತ್ತಿಲ್ಲ ನನಗೆ.

ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ನೀನೇ ಗೀರಿದ ಗೆರೆಯಿದೆ, ಅದಕ್ಕೆ ಸರಿಯಾಗಿ ತಿರುಗಿಸಿ ಬಿಗಿ. ಪೈಪನ್ನು ಮೇಲಿನ ತೂತಿಗೆ ಹಾಕಿ ಕೆಳಗಿನದನ್ನು ಭದ್ರವಾಗಿ ಮುಚ್ಚು. ಎರಡೆರಡು ಸಲ ನೋಡು. ಅಮ್ಮನಿಗೆ ಹೇಳಬೇಡ, ಕ್ಲಚ್ಚು ಕೆಟ್ಟಿದೆ ಅಂದುಬಿಡು.

ಇಂತಿ,
ಕಿಡಿಯನ್ನೇ ಕೆಡಿಸಿದ ನಿನ್ನ ಕಿಡಿಗೇಡಿ ಅಪ್ಪ

ತಾಜಾ ಕಲಂ: ಬಸ್ಸು ಹಾರ್ನ್ ಹೊಡೆಯುತ್ತಿದೆ, ಸುಳ್ಳು ಹೇಳಿ ಕಳಿಸಲು ಮನಸ್ಸು ಬರುತ್ತಿಲ್ಲ. ಅದು ಕೀಟಲೆ ಅಲ್ಲ ಮಗಳೇ. ಬೆಳಿಗ್ಗೆ ಮೇಷ್ಟ್ರ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು, ಅದರಲ್ಲೂ ಪೈಪು ಕೆಳಗಿನ ತೂತಿನಲ್ಲಿತ್ತು. ಕೆಲಸದ ಪುಸ್ತಕ ತೆಗೆದರೆ ಅವರದೂ ನಮ್ಮದೂ ನನ್ನ ಕೈಬರಹದಲ್ಲೇ ಇದೆ: 'ಪೈಪು ಕೆಳಗೆ, ಟೈಮಿಂಗ್ ಸರಿ.' ಬರೆದದ್ದು ನೆನಪಿಲ್ಲ, ಮಾಡಿದ್ದೂ ನೆನಪಿಲ್ಲ. ಈ ವಾರ ಇನ್ನೂ ಮೂರು ಗಾಡಿ ಮುಟ್ಟಿದ್ದೇನೆ, ಒಂದು ಶಾಲೆಯ ವ್ಯಾನು. ಓಡಿಸಬೇಡಿ ಅಂತ ಎಲ್ಲರಿಗೂ ಹೇಳಿಕಳಿಸಿದ್ದೇನೆ. ನೀನು ಬಂದ ತಕ್ಷಣ ನನ್ನಿಂದ ಪಾನಾ ಡಬ್ಬಿಯ ಬೀಗದಕೈ ಕಿತ್ತುಕೋ. ನಾನು ಏನಾದರೂ ತಮಾಷೆ ಮಾಡಿ ಜಾರಿಕೊಳ್ಳಲು ನೋಡುತ್ತೇನೆ. ನಗಬೇಡ.